ಮಾತ್ರೆ ತಗೊಂಡರೆ ನಂಬಿಕೆ ಕಡಿಮೆ ಅಂತ ಅರ್ಥಾನಾ?

ಎಂಟು ತಿಂಗಳಿಂದ ಮನಸ್ಸು ಕುಗ್ಗಿದೆ, ನಿದ್ದೆ ಇಲ್ಲ ಅಂತ ಬರೆದಿದ್ದೀರಿ. ಚರ್ಚಿನ ಸಭೆಯ ಹಿರಿಯರು "ಯಾವುದೋ ಪಾಪ ಮುಚ್ಚಿಟ್ಟಿದ್ದೀಯ, ಉಪವಾಸ ಮಾಡು" ಅಂದರಂತೆ. ಇದು ದೇಹದ ಕಾಯಿಲೆಯೋ ಆತ್ಮದ್ದೋ ಅಂತ ಕೇಳಿದ್ದೀರಿ. ಸಹೋದರಿ, ಮೊದಲು ಡಾಕ್ಟರ ಹತ್ತಿರ ಹೋಗಿ. ಅದು ಅವಿಶ್ವಾಸ ಅಲ್ಲ.

ನನಗೂ ಇದೇ ಮಾತು ಹೇಳಿದ್ದರು. ಎರಡನೇ ಮಗು ಹುಟ್ಟಿ ಆರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಇಡ್ಲಿ ಹಿಟ್ಟು ಉಕ್ಕಿ ಅಡುಗೆ ಕಟ್ಟೆ ಮೇಲೆಲ್ಲ ಹರಿದಿತ್ತು. ಸುಮ್ನೆ ನೋಡುತ್ತಾ ನಿಂತಿದ್ದೆ, ಒರೆಸಲು ಕೈ ಏಳಲಿಲ್ಲ. ಬೈಬಲ್ ತೆರೆದರೆ ಒಂದೇ ವಚನವನ್ನು ನಾಲ್ಕು ಸಲ ಓದುತ್ತಿದ್ದೆ, ಏನೂ ತಲೆಗೆ ಹೋಗುತ್ತಿರಲಿಲ್ಲ. ಹಿರಿಯರ ಮಾತು ಕೇಳಿ, ಮಗುವಿಗೆ ಹಾಲು ಕುಡಿಸುತ್ತಿದ್ದವಳು ಮೂರು ದಿನ ಉಪವಾಸ ಮಾಡಿದೆ. ಇನ್ನೂ ಸೊರಗಿದೆ. ಕೊನೆಗೆ ನಮ್ಮತ್ತೆ ಬಲವಂತವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಥೈರಾಯ್ಡ್ ಕಡಿಮೆ, ಮೈಯಲ್ಲಿ ರಕ್ತವೂ ಕಡಿಮೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ರಾತ್ರಿ ಮನೋವೈದ್ಯರು ಬರೆದ ಇನ್ನೊಂದು. ಸುಮಾರು ಐದು ವಾರ ಆದ ಮೇಲೆ ಒಂದು ದಿನ ಮಗು ನಕ್ಕಾಗ ನಾನೂ ನಕ್ಕೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಬೈಬಲಿನಲ್ಲಿ 1 ಅರಸುಗಳು 19ನೇ ಅಧ್ಯಾಯ ತೆಗೆದು ನೋಡಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಬೆದರಿಕೆಗೆ ಓಡಿಹೋಗಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವರು ಅವನನ್ನು ಬೈಯಲಿಲ್ಲ. ಮಲಗಲು ಬಿಟ್ಟರು. ದೂತ ಬಂದು ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಉಣ್ಣಿಸಿದ. "ಇಲ್ಲೇನು ಮಾಡ್ತಿದ್ದೀಯ" ಅಂತ ದೇವರು ಕೇಳಿದ್ದು ಅದೆಲ್ಲ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಮೊದಲು ಊಟ, ನಿದ್ದೆ. ಮಾತು ಆಮೇಲೆ.

ಲಂಡನ್ನಿನ ಬೋಧಕ ಸ್ಪರ್ಜನ್ ಅವರ ಬದುಕೂ ಹೀಗೇ. 1856ರಲ್ಲಿ ಅವರು ಬೋಧಿಸುತ್ತಿದ್ದ ಸಭಾಂಗಣದಲ್ಲಿ ಯಾರೋ "ಬೆಂಕಿ" ಅಂತ ಸುಳ್ಳೇ ಕೂಗಿ, ನೂಕುನುಗ್ಗಲಿನಲ್ಲಿ 7 ಜನ ಸತ್ತರು. ಆಗ ಅವರಿಗೆ 22 ವರ್ಷ. ಆ ಪೆಟ್ಟು, ಮುಂದೆ ಕಾಡಿದ ಗೌಟ್ ಅನ್ನೋ ಕೀಲುನೋವಿನ ಕಾಯಿಲೆ, ಎರಡೂ ಸೇರಿ ಅವರನ್ನು ಪದೇ ಪದೇ ಖಿನ್ನತೆಗೆ ತಳ್ಳಿದವು. ಅವರಿಗೆ ನಂಬಿಕೆ ಇರಲಿಲ್ಲ ಅಂತ ಯಾರಾದರೂ ಹೇಳ್ತಾರಾ?

ಹಾಗಂತ ಆತ್ಮದ ಪಾಲು ಇಲ್ಲವೇ ಇಲ್ಲ ಅನ್ನಲಾರೆ. ಪಾಪ ಮುಚ್ಚಿಟ್ಟಾಗ ಎಲುಬುಗಳೇ ಸವೆದವು ಅಂತ ದಾವೀದ ಕೀರ್ತನೆ 32ರಲ್ಲಿ ಹೇಳ್ತಾನೆ. ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಿನ ಜಗಳಕ್ಕೆ ನಾನು ತಮ್ಮನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ. ತಲೆ ತಿಳಿಯಾದ ಮೇಲೇ ಅದು ನನಗೆ ಕಂಡಿದ್ದು. ಫೋನ್ ಮಾಡಿದೆ. "ಅಕ್ಕಾ" ಅಂದವನೇ ಅತ್ತುಬಿಟ್ಟ.

ಇದೊಂದು ಮಾತ್ರ ಗಮನಿಸಿ. ಮಾಡಿದ ತಪ್ಪನ್ನು ಇದು ಅಂತ ಹೆಸರಿಟ್ಟು ಹೇಳಬಹುದು. ದೇವರ ಮುಂದೆ ಅರಿಕೆ ಮಾಡಿ ಸರಿಪಡಿಸಿಕೊಳ್ಳಬಹುದು. "ನಾನೇ ಕೆಟ್ಟವಳು, ದೇವರು ಕೈಬಿಟ್ಟ" ಅನ್ನೋ ಕೊರಗು ಹಾಗಲ್ಲ. ಎಷ್ಟು ಸಲ ಕ್ಷಮೆ ಕೇಳಿದರೂ ಹಗುರಾಗಲ್ಲ. ನನಗದು ಕಾಯಿಲೆಯೇ ಆಡಿಸಿದ ಮಾತಾಗಿತ್ತು. ಅದಕ್ಕೆ ಪಾಪ ಹುಡುಕುತ್ತಾ ಕೂತರೆ ಇನ್ನೂ ಒಳಗೆ ಮುಳುಗುತ್ತೀರಿ.

ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಯಾರೋ ಪ್ರಾರ್ಥಿಸಿ "ಸ್ವಸ್ಥತೆ ಆಯ್ತು" ಅಂದರು ಅಂತ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ಪ್ರಾರ್ಥಿಸಲು ಮಾತೇ ಬಾರದಿದ್ದರೆ ಕೀರ್ತನೆ 88 ಓದಿ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಪ್ರಾರ್ಥನೆಯೇ. ಸಾಯಬೇಕು ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಮನೆಯವರನ್ನು ಎಬ್ಬಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.