ನಾಪೋಕ್ಲು ಕಡೆ ಹೊಸ ಮನೆ: ನಡೆದೇ ಹೋಗಿ ಸುಮ್ಮನೆ ಕೂರುವ ಜಾಗ ಹುಡುಕುವುದು ಹೇಗೆ?

ಬೆಂಗಳೂರು ಬಿಟ್ಟು ಕೊಡಗಿನ ನಾಪೋಕ್ಲು ಹತ್ತಿರದ ಹಳ್ಳಿಯಲ್ಲಿ ಮನೆ ಮಾಡಿದ್ದೀರಿ. ಪ್ರವಾಸಿಗರ ಗದ್ದಲ ಇಲ್ಲದ, ಕಾರು ತೆಗೆಯದೆ ಹೋಗಿ ಒಂದು ಗಂಟೆ ಕೂತು ಬರುವ ಹಸಿರು ಜಾಗ ಬೇಕು, ಆದರೆ ಮ್ಯಾಪ್ ನೋಡಿದರೆ ಚೇಲಾವರ ಜಲಪಾತ, ತಡಿಯಂಡಮೋಳ್ ಬೆಟ್ಟ ಬಿಟ್ಟು ಬೇರೇನೂ ಕಾಣುತ್ತಿಲ್ಲ ಅಂದಿದ್ದೀರಿ. ಕಾಣುವುದೂ ಇಲ್ಲ. ಮ್ಯಾಪಿಗೆ ಬಂದ ಜಾಗಕ್ಕೆ ಶನಿವಾರ ಬೆಳಿಗ್ಗೆ ಪ್ರವಾಸಿಗರ ಟಿಟಿ (ಟೆಂಪೋ ಟ್ರಾವೆಲರ್) ಗಾಡಿಗಳೂ ಬಂದಿರುತ್ತವೆ.

ನನ್ನ ಸಲಹೆ: ಕಾಡಿನೊಳಗೆ ಬೇಡ, ಕಾಫಿ ತೋಟದೊಳಗೂ ಬೇಡ, ಗದ್ದೆಯ ಅಂಚು ನೋಡಿ. ನಿಮ್ಮ ಕಡೆ ಬಹುತೇಕ ಊರುಗಳ ನೆಲ ಒಂದೇ ತರ. ಮೇಲೆ ಬಾಣೆ (ಗದ್ದೆಗೆ ಸೇರಿದ ಎತ್ತರದ ಹುಲ್ಲು, ಮರದ ಜಾಗ), ಇಳಿಜಾರಿನಲ್ಲಿ ತೋಟ, ತಗ್ಗಿನಲ್ಲಿ ಗದ್ದೆ, ಗದ್ದೆಯ ಮಗ್ಗುಲಲ್ಲೋ ನಡುವೆಯೋ ತೋಡು, ಅಂದರೆ ಸಣ್ಣ ಹಳ್ಳ. ತೋಟ ಮುಗಿದು ಗದ್ದೆ ಶುರುವಾಗುವ ಗೆರೆಯಲ್ಲಿ ಬೆನ್ನಿಗೆ ಮರದ ನೆರಳು, ಎದುರಿಗೆ ಬಯಲು, ಪಕ್ಕದಲ್ಲಿ ನೀರು, ಮೂರೂ ಸಿಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಯಾವುದು ಬಂದರೂ ದೂರದಿಂದಲೇ ಕಾಣುತ್ತದೆ. ರೊಬಸ್ಟಾ ಕಾಫಿ ತೋಟದಲ್ಲಿ ಗಿಡ ಆಳೆತ್ತರ ಮೀರಿರುತ್ತದೆ. ಹತ್ತು ಹೆಜ್ಜೆ ಆಚೆ ಆನೆ ನಿಂತಿದ್ದರೂ ತಿಳಿಯುವುದಿಲ್ಲ.

ಊರಿನವರನ್ನು ಕೇಳುವಾಗ 'ಇಲ್ಲಿ ಚೆನ್ನಾಗಿರೋ ಜಾಗ ಯಾವುದು' ಅಂತ ಕೇಳಬೇಡಿ, ಮತ್ತೆ ಚೇಲಾವರವನ್ನೇ ಹೇಳುತ್ತಾರೆ. 'ಗದ್ದೆಗೆ ಇಳಿಯುವ ದಾರಿ ಎಲ್ಲಿ, ದನ ಎಲ್ಲಿ ಮೇಯಿಸ್ತಾರೆ, ಬೇಸಿಗೆಯಲ್ಲೂ ಬತ್ತದ ತೋಡು ಯಾವುದು' ಅಂತ ಕೇಳಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬರುವವರಿಗಿಂತ ಚೆನ್ನಾಗಿ ಇದು ಯಾರಿಗೂ ಗೊತ್ತಿರುವುದಿಲ್ಲ.

ಜಾಗ ಕಂಡಿತು ಅಂದುಕೊಳ್ಳಿ. ಅಲ್ಲೇ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ (ಮರಗಳ ಕೆಳಗೆ ಕೆಲವು ಮೀಟರ್ ಆಚೀಚೆ ಆಗಬಹುದು, ಬಯಲಿಗೆ ಬಂದು ನೋಡಿ). ಆ ನಂಬರನ್ನು ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟಿನಲ್ಲಿ ಹಾಕಿ ಪಹಣಿ ನೋಡಿ. ಜಮ್ಮಾ ಜಾಗವಾದರೆ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗವಾದರೆ, ಪಟ್ಟೆದಾರರ (ಮನೆತನದ ಮುಖ್ಯಸ್ಥರ) ಜೊತೆಗೆ ಒಕ್ಕದವರ, ಅಂದರೆ ಆ ಮನೆತನದವರ, ಹತ್ತಾರು ಹೆಸರು ಬರಬಹುದು. ಅವರೆಲ್ಲರನ್ನೂ ಹುಡುಕಿಕೊಂಡು ಹೋಗುವುದು ಬೇಡ, ಈಗ ಅಲ್ಲಿ ಬೇಸಾಯ ಮಾಡುತ್ತಿರುವವರ ಮನೆಗೆ ಹೋಗಿ ಕೇಳಿ. ಪಹಣಿಯಲ್ಲಿ ಪೈಸಾರಿ ಅಂತಿದ್ದರೆ ಸರ್ಕಾರದ್ದು ಅಂತ ಧೈರ್ಯವಾಗಿ ನುಗ್ಗಬೇಡಿ. ಅದರಲ್ಲೂ ಯಾರಾದರೂ ಕೃಷಿ ಮಾಡುತ್ತಿರುವುದು ಇಲ್ಲಿ ಮಾಮೂಲು. ಕೇಳಿದರೆ ಬೇಡ ಅನ್ನುವವರು ಕಡಿಮೆ. ಕೇಳದೆ ಡಿಸೆಂಬರಿನಿಂದ ಮಾರ್ಚ್ ಒಳಗೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ತೋಟದ ದಾರಿಯಲ್ಲಿ ಓಡಾಡಿದರೆ ಮಾತ್ರ ಕಾಫಿ, ಕರಿಮೆಣಸು ಕದಿಯಲು ಬಂದವರು ಅಂತಲೇ ಲೆಕ್ಕ. ಆ ತಿಂಗಳುಗಳಲ್ಲಿ ಕೈ ಬೀಸಿಕೊಂಡು ಹೋಗಿ, ತೋಟದ ಮೇಸ್ತ್ರಿಗೂ ಮುಖ ಪರಿಚಯ ಇರಲಿ.

ಇನ್ನು ಆನೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯಷ್ಟು ಕಾಟ ನಿಮ್ಮಲ್ಲಿ ಇಲ್ಲದಿರಬಹುದು, ಆದರೂ ಇಲ್ಲವೇ ಇಲ್ಲ ಅಂತ ಹೇಳುವ ಹಾಗಿಲ್ಲ. ಹಲಸು ಹಣ್ಣಾಗುವಾಗ, ಅಂದರೆ ಮೇ ತಿಂಗಳಿನಿಂದ ಜುಲೈವರೆಗೆ, ಮತ್ತು ಭತ್ತ ತೆನೆ ಕಟ್ಟಿದಾಗ ಬರುವುದು ಜಾಸ್ತಿ. ಹಾಗಾಗಿ ಹಲಸಿನ ಮರದ ಬುಡವನ್ನು ಕೂರುವ ಜಾಗ ಮಾಡಿಕೊಳ್ಳಬೇಡಿ, ಆನೆಗೆ ಇಷ್ಟವಾದ ಬೈನೆ ಮರದ ಹತ್ತಿರವೂ ಬೇಡ. ಭತ್ತ ಬಲಿತು ಕೊಯ್ಲು ಮುಗಿಯುವ ತನಕ ಗದ್ದೆಗೆ ಹೋಗುವುದು ಹಗಲಲ್ಲಿ ಮಾತ್ರ. ದಾರಿಯಲ್ಲಿ ಲದ್ದಿ ಕಂಡರೆ ದಾಟಿಕೊಂಡು ಹೋಗದೆ ನಿಂತು ನೋಡಿ. ಹೊರಗೆಲ್ಲ ಒದ್ದೆಯಾಗಿ ಕಡುಹಸಿರು ಮಿಶ್ರಿತ ಕಂದು ಬಣ್ಣವಿದ್ದು, ನೊಣ ಮುತ್ತಿ, ಹುಲ್ಲಿನ ವಾಸನೆ ಖಾರವಾಗಿ ಬರುತ್ತಿದ್ದರೆ ಆನೆ ಹತ್ತಿರದಲ್ಲೇ ಇದೆ ಅಂತ ತಿಳಿದು ಬಂದ ದಾರಿಯಲ್ಲೇ ವಾಪಸಾಗಿ. ಮೇಲೆ ಒಣಗಿ ಬಿಳಿಚಿಕೊಂಡು ಒಳಗಿನ, ಆನೆ ತಿಂದ ಕಾಫಿ ಹಣ್ಣಿನ ಬೀಜ ಬೇರೆ ಬೇರೆಯಾಗಿ ಕಾಣುತ್ತಿದ್ದರೆ ಹಳೆಯದು. ಮರದ ಕಾಂಡದಲ್ಲಿ ನಿಮ್ಮ ತಲೆಗಿಂತ ಎತ್ತರದಲ್ಲಿ ಕೆಸರು ಉಜ್ಜಿದ ಗುರುತಿದ್ದರೆ ಅದು ಆನೆ ಓಡಾಡುವ ದಾರಿ. ಆ ಜಾಗ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ. ಬೆಳಿಗ್ಗೆ 7ರ ಮುಂಚೆ, ಸಂಜೆ 5.30ರ ನಂತರ ಹೋಗಬೇಡಿ. ಕಿವಿಗೆ ಇಯರ್‌ಫೋನ್ ಬೇಡ. ನಾಯಿ ಅಂತೂ ಬೇಡವೇ ಬೇಡ: ಅದು ಆನೆಗೆ ಬೊಗಳಿ, ಅಟ್ಟಿಸಿಕೊಂಡು ನೇರ ನಿಮ್ಮ ಕಾಲ ಬಳಿಗೇ ಓಡಿ ಬರುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926 ಫೋನಿನಲ್ಲಿ ಇರಲಿ. ಊರಿನಲ್ಲಿ ಆನೆ ಸುದ್ದಿ ಹಾಕುವ ವಾಟ್ಸಾಪ್ ಗುಂಪಿದ್ದರೆ ಸೇರಿಕೊಳ್ಳಿ. ಬೇಲಿಯ ಆಚೆ ಎಳೆದ ಒಂಟಿ ತಂತಿ ಕಂಡರೆ ಮುಟ್ಟಬೇಡಿ, ದಾಟಲೂಬೇಡಿ. ಅದು ಸೋಲಾರ್ ಬೇಲಿಯೇ ಆಗಿರಬೇಕು ಅಂತೇನಿಲ್ಲ, ಕಾಡುಹಂದಿ ಹೊಡೆಯಲು ಕಳ್ಳತನದಲ್ಲಿ ಕೊಟ್ಟ ಲೈನ್ ಕರೆಂಟೂ ಆಗಿರಬಹುದು.

ದೇವರಕಾಡಿಗೆ, ಅಂದರೆ ಊರಿನವರು ದೇವರ ಹೆಸರಲ್ಲಿ ಕಾಪಾಡಿಕೊಂಡ ಕಾಡಿಗೆ, ಹೋಗಬಹುದಾ ಅಂತ ಕೇಳಿದ್ದೀರಿ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ನಿಮ್ಮ ಊರಿಗೂ ಒಂದಿರಬಹುದು. ತಂಪು, ಮೌನ ಎಲ್ಲ ನಿಜ. ಆದರೆ ಅದು ಪಾರ್ಕ್ ಅಲ್ಲ. ಕೆಲವದಕ್ಕೆ ಹಬ್ಬದ ದಿನ ಬಿಟ್ಟು ಊರಿನವರೇ ಕಾಲಿಡುವುದಿಲ್ಲ, ಕೆಲವು ಅಯ್ಯಪ್ಪನ ಕಾಡುಗಳಿಗೆ ಹೆಂಗಸರು ಹೋಗುವ ಪದ್ಧತಿ ಇಲ್ಲ. ಮೊದಲು ದೇವತಕ್ಕರನ್ನು (ಊರ ದೇವರ ಕೆಲಸ ನೋಡಿಕೊಳ್ಳುವ ಹಿರಿಯರನ್ನು) ಕೇಳಿ. ಹೋಗಬಹುದು ಅಂದರೆ ಚಪ್ಪಲಿ ಹೊರಗೆ ಬಿಟ್ಟು, ತಿಂಡಿ ಒಯ್ಯದೆ ಹೋಗಿ. ಒಣ ಕಡ್ಡಿಯನ್ನೂ ಮನೆಗೆ ತರಬೇಡಿ. ಅಯ್ಯಪ್ಪನ ಕಾಡಿನಲ್ಲಿ ಹರಕೆಯ ಮಣ್ಣಿನ ನಾಯಿಗಳು ರಾಶಿ ಬಿದ್ದಿದ್ದರೆ ಎತ್ತಿ ನಿಲ್ಲಿಸಿ ಫೋಟೋ ತೆಗೆಯುವ ಆಸೆಯಾಗುತ್ತದೆ. ಮುಟ್ಟಬೇಡಿ. ಊರ ಹಬ್ಬಕ್ಕೆ ಕಟ್ಟು (ಊರಿನವರು ಪಾಲಿಸುವ ನಿರ್ಬಂಧ) ಬಿದ್ದ ದಿನಗಳಲ್ಲಿ ಆ ಕಡೆ ಸುಳಿಯದಿರುವುದೇ ವಾಸಿ.

ತೋಟದ ಕೆರೆ ನೋಡಿ ಮನಸೋಲುವವರಿಗೆ ಒಂದು ಮಾತು. ಅಕ್ಟೋಬರಿನಲ್ಲಿ ಅಷ್ಟು ಶಾಂತವಾಗಿದ್ದ ಕೆರೆಯೇ ಫೆಬ್ರವರಿ, ಮಾರ್ಚಿನಲ್ಲಿ ಊರಿನ ಅತಿ ಗದ್ದಲದ ಜಾಗ. ಹೂ ಬಿಡಿಸಲು ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕುವಾಗ ಡೀಸೆಲ್ ಪಂಪು ದಡದಲ್ಲೇ ಹಗಲೂ ರಾತ್ರಿ ಬಡಿಯುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಸ ಕೆರೆಯಾದರೆ ಅಂಚಿಗೂ ಹೋಗಬೇಡಿ. ಪಾಚಿ ಹಿಡಿದ ಹಾಳೆಯ ಮೇಲೆ ಜಾರಿದರೆ ಈಜು ಬಂದರೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ.

ಕಾವೇರಿ ದಡ ಜನವರಿಯಿಂದ ಮೇ ಮಧ್ಯದವರೆಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಭಾಗಮಂಡಲದಲ್ಲಿ ಸುರಿದ ಮಳೆ ಇಲ್ಲಿ ನೀರು ಏರಿಸುತ್ತದೆ. ಮೂರ್ನಾಡು ರಸ್ತೆ ಬೊಳಿಬಾಣೆಯಲ್ಲಿ ಮುಳುಗುವುದನ್ನು ಜೋರು ಮಳೆಗಾಲದಲ್ಲಿ ನೀವೇ ನೋಡಬಹುದು.

ನಾಟಿ ಹೊತ್ತಿಗೆ, ಜುಲೈ, ಆಗಸ್ಟಿನಲ್ಲಿ, ಹೊಸದಾಗಿ ಕೆಸರು ಮೆತ್ತಿದ ಬದುವಿನ ಮೇಲೆ ಕಾಲಿಡಬೇಡಿ. ಒಂದು ಕಡೆ ಕುಸಿದರೂ ಗದ್ದೆಯ ನೀರೆಲ್ಲ ಕೆಳಗಿನವರ ಗದ್ದೆಗೆ ಹೋಗುತ್ತದೆ, ಆಮೇಲೆ ನಿಮಗೆ ಆ ದಾರಿ ಬಂದ್. ಜಿಗಣೆಗೆ ಹೊಗೆಸೊಪ್ಪನ್ನು ರಾತ್ರಿ ನೀರಿನಲ್ಲಿ ನೆನೆಸಿ, ಹಿಂಡಿದ ನೀರನ್ನು ಕಾಲುಚೀಲಕ್ಕೆ ಹಾಕಿ ಒಣಗಿಸಿಕೊಳ್ಳಿ; ಉಪ್ಪು ಮಳೆಗೆ ತೊಳೆದುಹೋಗುತ್ತದೆ. ಕಚ್ಚಿದ್ದನ್ನು ಎಳೆಯದೆ ಉಗುರಿನಿಂದ ಬಾಯಿಯ ತುದಿ ಸರಿಸಿ ಬಿಡಿಸಿ, ರಕ್ತ ನಿಲ್ಲುವ ತನಕ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಸ್ವಲ್ಪ ಹೊತ್ತು ಹಿಡಿಯುತ್ತದೆ, ಗಾಬರಿ ಬೇಡ.

ಕೂರಲು ಸಿಮೆಂಟ್ ಬೆಂಚು ಹಾಕಿಸುವ ಯೋಚನೆ ಇದ್ದರೆ ಬಿಡಿ. ಇನ್ನೊಬ್ಬರ ಜಾಗದಲ್ಲಿ ಶಾಶ್ವತವಾದದ್ದು ಏನು ಕಟ್ಟಿದರೂ ಅದನ್ನು ಹಕ್ಕು ಸಾಧನೆ ಅಂತ ನೋಡುತ್ತಾರೆ. ಒಂದು ಮಡಚುವ ಸ್ಟೂಲ್ ಸಾಕು.