ಓದುಗರ ಪ್ರಶ್ನೆ: ಡಬ್ಬದ ಮೇಲಿನ 525, ಚೌಪಾಟಿಯ ನೆಪ್ಚೂನ್

ಪ್ರಶ್ನೆ: ಮಗನಿಗೆಂದು ಟೆಲಿಸ್ಕೋಪ್ ತರಿಸಿದೆವು. 70 ಮಿ.ಮೀ. ಲೆನ್ಸು, 700 ಮಿ.ಮೀ. ಸಂಗಮದೂರ. ಜೊತೆಗೆ ಕಣ್ಣಿಡುವ ತುದಿಗೆ ಹಾಕುವ 20, 10, 4 ಮಿ.ಮೀ. ಐಪೀಸುಗಳು ಮತ್ತು ಬಿಂಬವನ್ನು ಇನ್ನೂ ಮೂರು ಪಟ್ಟು ಹಿಗ್ಗಿಸುವ ಬಾರ್ಲೋ ಲೆನ್ಸ್. ಡಬ್ಬದ ಮೇಲೆ ‘525 ಪಟ್ಟು’ ಎಂದಿದೆ. ಶನಿಯ ಉಂಗುರ ಹಾಗಿರಲಿ, ಬಿಳಿ ಮಬ್ಬು ಬಿಟ್ಟು ಏನೂ ಕಾಣುತ್ತಿಲ್ಲ. ನಮ್ಮದು ಆರನೇ ಮಹಡಿ. ವಾಪಸು ಕಳಿಸೋಣವೇ?
— ಗೃಹಿಣಿ, ಡೊಂಬಿವಿಲಿ

ಉತ್ತರ: ಕಳಿಸಬೇಡಿ. ಶನಿಯ ಉಂಗುರಕ್ಕೆ ಈ ಟೆಲಿಸ್ಕೋಪ್ ಸಾಕು. ಡಬ್ಬದ ಮೇಲಿನ ಅಂಕಿಯನ್ನು ಮಾತ್ರ ಮರೆತುಬಿಡಿ.

ಸಂಗಮದೂರವನ್ನು ಐಪೀಸಿನ ಅಳತೆಯಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. 700ನ್ನು 4ರಿಂದ ಭಾಗಿಸಿ ಬಾರ್ಲೋದ 3ರಿಂದ ಗುಣಿಸಿದರೆ 525 ಬಂತು. ಕೂಡಿಸಿ ಕಳೆದು ನೋಡಿದರೆ ಸುಳ್ಳಲ್ಲ, ಆದರೆ ಕಣ್ಣಿಗೆ ಪ್ರಯೋಜನವಿಲ್ಲ. ಲೆನ್ಸ್ ಹಿಡಿಯುವ ಬೆಳಕು ಇಷ್ಟೇ ಎಂದು ನಿಗದಿಯಾಗಿದೆ. ಒಂದೇ ಚಮಚ ತುಪ್ಪವನ್ನು ಎಂಟು ದೋಸೆಗೆ ಸವರಿದರೆ ಯಾವುದಕ್ಕೂ ರುಚಿ ಹತ್ತದಲ್ಲ, ಹಾಗೆ. ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ರೂಢಿಯ ಮಿತಿ, ಅಂದರೆ ನಿಮ್ಮದಕ್ಕೆ 140. ಮುಂಬಯಿ ಸುತ್ತಿನ ಗಾಳಿಯಲ್ಲಿ ಅಷ್ಟೂ ದಕ್ಕುವ ರಾತ್ರಿ ಕಡಿಮೆ. ಬಾರ್ಲೋ ಮತ್ತು 4ರ ಐಪೀಸನ್ನು ಸದ್ಯಕ್ಕೆ ಡ್ರಾಯರಿನಲ್ಲಿಡಿ.

ಮೊದಲ ಕೆಲಸ ಹಗಲಿನದು. ಒಂದೆರಡು ಕಿಲೋಮೀಟರ್ ದೂರದ ಮೊಬೈಲ್ ಟವರಿನ ತುದಿಯನ್ನು 20ರ ಐಪೀಸಿನ ನಡುವೆ ತನ್ನಿ. ಕೊಳವೆ ಅಲುಗದಂತೆ ಫೈಂಡರಿನ (ಕೊಳವೆಯ ಮೇಲಿರುವ, ಗುರಿ ಹಿಡಿಯುವ ಪುಟ್ಟ ದುರ್ಬೀನು) ತಿರುಪುಗಳನ್ನು ತಿರುಗಿಸಿ ಅದೇ ತುದಿ ಅಡ್ಡಗೆರೆಗಳ ನಡುವೆ ಕೂರುವಂತೆ ಮಾಡಿ. ಇದನ್ನು ಮಾಡದೆ ರಾತ್ರಿ ಶನಿಯನ್ನು ಹುಡುಕುವವರಿಗೆ ಸಿಗುವುದು ಬರೀ ಕತ್ತಲೆ. ಸೂರ್ಯನ ದಿಕ್ಕಿಗೆ ಮಾತ್ರ ತಿರುಗಿಸಕೂಡದು. ಐಪೀಸಿಗೆ ತಿರುಪುವ ‘ಸನ್ ಫಿಲ್ಟರ್’ ಕೊಟ್ಟಿದ್ದರೆ ಕಸದ ಬುಟ್ಟಿಗೆ ಹಾಕಿ. ಶಾಖಕ್ಕೆ ಅದು ನೋಡುತ್ತಿರುವಾಗಲೇ ಸೀಳಬಹುದು, ಆಮೇಲೆ ಕಣ್ಣು ಉಳಿಯುವುದಿಲ್ಲ.

ರಾತ್ರಿ 20ರಿಂದ (35 ಪಟ್ಟು) ಶುರುಮಾಡಿ. ಫೋಕಸ್ ಗುಂಡಿಯನ್ನು ನಿಧಾನ ತಿರುಗಿಸುತ್ತ ನಕ್ಷತ್ರ ಎಲ್ಲಿ ಅತಿ ಸಣ್ಣ ಚುಕ್ಕೆಯಾಗುತ್ತದೋ ಅಲ್ಲಿ ನಿಲ್ಲಿಸಿ. ನಿಮಗೆ ಕಂಡ ಬಿಳಿ ಮಬ್ಬು ಬಹುಪಾಲು ಫೋಕಸ್ ತಪ್ಪಿದ್ದೇ. ಆಮೇಲೆ 10ಕ್ಕೆ ಬನ್ನಿ, 70 ಪಟ್ಟು. ಗುರುವಿನ ಎರಡು ಕಂದು ಪಟ್ಟಿಗಳು, ಒಂದೇ ಸಾಲಿನಲ್ಲಿ ಅದರ ನಾಲ್ಕು ಚಂದ್ರರು, ಶನಿಯ ಉಂಗುರ, ಎಲ್ಲ ಇಷ್ಟಕ್ಕೇ ಕಾಣುತ್ತವೆ. ಭೂಮಿ ತಿರುಗುವುದರಿಂದ ಗ್ರಹ ಎರಡೂಮುಕ್ಕಾಲು ನಿಮಿಷದಲ್ಲಿ ಐಪೀಸಿನ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ಮಗ ಬರುವಷ್ಟರಲ್ಲಿ ಮಾಯವಾಯಿತೆಂದು ಗಾಬರಿ ಬೇಡ. ಉಂಗುರ ಸಪೂರವಾಗಿ ಕಂಡರೂ ಲೆನ್ಸನ್ನು ಬೈಯಬೇಡಿ. 2025ರ ಮಾರ್ಚ್‌ನಲ್ಲಿ ಅದು ನಮಗೆ ಅಂಚು ತೋರಿಸಿತ್ತು. ಅಲ್ಲಿಂದ ತೆರೆದುಕೊಳ್ಳುತ್ತಿದೆ, 2032ರ ಹೊತ್ತಿಗೆ ಪೂರ್ತಿ ಅಗಲವಾಗುತ್ತದೆ.

ಇನ್ನು ಆರನೇ ಮಹಡಿ. ಕಿಟಕಿ ಗಾಜಿನ ಹಿಂದಿನಿಂದ ನೋಡಬೇಡಿ. ಬಾಲ್ಕನಿಯಾದರೆ ಕೆಳಗಿನ ಮನೆಯ ಎ.ಸಿ. ಉಗುಳುವ ಬಿಸಿ ಗಾಳಿ, ಹಗಲೆಲ್ಲ ಕಾದ ಸ್ಲ್ಯಾಬಿನ ಶಾಖ ಎರಡೂ ಬಿಂಬವನ್ನು ಕುದಿಯುವ ನೀರಿನಂತೆ ಅಲುಗಿಸುತ್ತವೆ. ಗ್ರಹ ಮೇಲೇರುವವರೆಗೆ ಕಾಯಿರಿ. ದಿಗಂತದಿಂದ 20 ಡಿಗ್ರಿ ಎತ್ತರದಲ್ಲಿದ್ದಾಗ ಬೆಳಕು ನೆತ್ತಿಯ ಮೇಲಿಗಿಂತ ಸುಮಾರು ಮೂರು ಪಟ್ಟು ಗಾಳಿಯನ್ನು ಹಾಯ್ದು ಬರಬೇಕು. ಟ್ರೈಪಾಡ್ ನಡುಗಿದರೆ ಅದರ ನಡುವಿನ ತಟ್ಟೆಗೆ ಎರಡು ಲೀಟರ್ ನೀರಿನ ಬಾಟಲಿ ತೂಗುಹಾಕಿ.

ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಬರುವುದೇ ನಮ್ಮ ಕಡೆಯ ದೊಡ್ಡ ಪೀಡೆ. ತೇವವಿದ್ದಾಗ ಮುಚ್ಚಳ ಹಾಕಬೇಡಿ, ಒಣಗಲಿ. ಐಪೀಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿಮಾಡಿ. ಅಡುಗೆಯ ಬಾಣಲೆ ಬೇಡ, ಬೇರೆಯದು ಇರಲಿ.

ಪ್ರಶ್ನೆ: ಪುಸ್ತಕದ ಚಿತ್ರದಲ್ಲಿ ಗ್ರಹಗಳು ಪಕ್ಕಪಕ್ಕ ಕೂತಿರುತ್ತವೆ. ನಿಜವಾದ ದೂರವನ್ನು ಮಕ್ಕಳಿಗೆ ತೋರಿಸುವ ಬಗೆ ಹೇಗೆ?
— ಶಿಕ್ಷಕಿ, ಮಾಟುಂಗ

ಉತ್ತರ: ಭಾನುವಾರ ಬೆಳಿಗ್ಗೆ ಮಕ್ಕಳನ್ನು ಮರೀನ್ ಡ್ರೈವ್‌ಗೆ ಕರೆದೊಯ್ಯಿರಿ. ಭೂಮಿಗೂ ಸೂರ್ಯನಿಗೂ ಇರುವ 15 ಕೋಟಿ ಕಿ.ಮೀ. ಅನ್ನು 100 ಮೀಟರ್ ಎಂದು ಹಿಡಿಯಿರಿ. ನರಿಮನ್ ಪಾಯಿಂಟ್ ತುದಿಯಲ್ಲಿ ಬಿಚ್ಚಿದ ಕೊಡೆಯಷ್ಟು, 93 ಸೆಂ.ಮೀ. ಸೂರ್ಯ. ಬುಧ 39 ಮೀಟರಿಗೆ, ಶುಕ್ರ 72ಕ್ಕೆ. ನೂರನೇ ಮೀಟರಿನಲ್ಲಿ ಭೂಮಿ, ಒಂದು ಕಾಬೂಲಿ ಕಡಲೆ. ಅದರಿಂದ ಒಂದು ಗೇಣಿಗಿಂತ ತುಸು ಹೆಚ್ಚು, 26 ಸೆಂ.ಮೀ. ಆಚೆ ಒಗ್ಗರಣೆ ಸಾಸಿವೆಯಷ್ಟು ಚಂದ್ರ. ಮನುಷ್ಯ ಈವರೆಗೆ ಕಾಲಿಟ್ಟಿರುವುದು ಆ ಸಾಸಿವೆಯ ಮೇಲೆ ಮಾತ್ರ. 152 ಮೀಟರಿಗೆ ಹೆಸರುಕಾಳಿನಷ್ಟು ಮಂಗಳ. ಆಮೇಲೆ ಸುಮ್ಮನೆ ನಡೆಯಬೇಕು. 520 ಮೀಟರಿಗೆ ದೊಡ್ಡ ಮೋಸಂಬಿ ಗುರು, 950ರ ಹತ್ತಿರ ಚಿಕ್ಕ ಕಿತ್ತಳೆ ಶನಿ, 1.9 ಕಿ.ಮೀ.ಗೆ ನಿಂಬೆಕಾಯಿ ಯುರೇನಸ್. ಇನ್ನೊಂದು ನಿಂಬೆಕಾಯಿ ಇಡಲು 3 ಕಿ.ಮೀ. ನಡೆದು ಗಿರಗಾಂವ್ ಚೌಪಾಟಿಯ ಹತ್ತಿರ ಹೋಗಬೇಕು. ಅದು ನೆಪ್ಚೂನ್.

ಈ ಅಳತೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ 20 ಸೆಂ.ಮೀ. ಮಕ್ಕಳು ಅದಕ್ಕಿಂತ ಐದಾರು ಪಟ್ಟು ಜೋರಾಗಿ ನಡೆಯುತ್ತಾರೆ! ಸೂರ್ಯನ ಬೆಳಕು ಕಡಲೆಕಾಳಿಗೆ ಬರಲು 8 ನಿಮಿಷ 20 ಸೆಕೆಂಡ್, ಚೌಪಾಟಿಗೆ ನಾಲ್ಕು ಗಂಟೆಗೂ ಹೆಚ್ಚು. ಸೂರ್ಯನ ನಂತರದ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರ. ಇದೇ ಅಳತೆಗೆ ಸುಮಾರು 26,800 ಕಿ.ಮೀ. ಆಗುತ್ತದೆ, ಅದಕ್ಕೆ ಮಾತ್ರ ಮುಂಬಯಿ ಸಾಲದು.

ಪ್ರಶ್ನೆ: ಮುಂಬಯಿಯಲ್ಲಿರುವ ಅಕ್ಕ ‘ಶೂನ್ಯ ನೆರಳಿನ ದಿನ’ ಮೇ 15ರ ಆಸುಪಾಸು ಎನ್ನುತ್ತಾಳೆ. ಆ ದಿನ ಇಲ್ಲಿ ಹನ್ನೆರಡು ಗಂಟೆಗೆ ನೋಡಿದರೆ ನೆರಳು ಇದ್ದೇ ಇತ್ತು.
— ಓದುಗರು, ವಾಸ್ಕೋ

ಉತ್ತರ: ದಿನವೂ ತಪ್ಪಿತು, ಗಂಟೆಯೂ ತಪ್ಪಿತು. ಸೂರ್ಯ ಬೇಸಿಗೆಯಲ್ಲಿ ದಿನದಿನಕ್ಕೆ ಉತ್ತರಕ್ಕೆ ಸರಿಯುತ್ತಾನೆ. ನಿಮ್ಮ ಊರಿನ ಅಕ್ಷಾಂಶಕ್ಕೆ ಬಂದ ದಿನ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಗೋವಾ 15.5 ಡಿಗ್ರಿಯ ಹತ್ತಿರ ಇರುವುದರಿಂದ ಮೇ 2-3ಕ್ಕೇ ಆಗಿಹೋಗುತ್ತದೆ. ಮುಂಬಯಿ 19 ಡಿಗ್ರಿ, ಹಾಗಾಗಿ ಸುಮಾರು ಎರಡು ವಾರ ತಡ. ಹಿಂತಿರುಗುವಾಗ ಇನ್ನೊಮ್ಮೆ ನಿಮ್ಮಲ್ಲಿ ಆಗಸ್ಟ್ 9-10ಕ್ಕೆ ಬರುತ್ತಾನೆ, ಆದರೆ ಮಳೆಮೋಡ ಬಿಟ್ಟರೆ ತಾನೇ!

ಗಂಟೆಯ ವಿಷಯ: ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ. ಪ್ರತಿ ಡಿಗ್ರಿ ಪಶ್ಚಿಮಕ್ಕೆ ನಾಲ್ಕು ನಿಮಿಷ ತಡ. ಮೇ ಆರಂಭದಲ್ಲಿ ಸೂರ್ಯ ಮೂರು ನಿಮಿಷ ಮುಂದಿರುತ್ತಾನೆ. ಎಲ್ಲ ಕೂಡಿಸಿದರೆ ನಿಮ್ಮ ನಡುಹಗಲು 12 ಗಂಟೆ 31 ನಿಮಿಷಕ್ಕೆ. ನೆರಳು ನೋಡಲು ಉದ್ದ ಸ್ಟೀಲ್ ಲೋಟವನ್ನು ಬೋರಲು ಹಾಕಬೇಡಿ, ಅದರ ಬದಿ ಓರೆ. ನೇರ ಬದಿಯ ಡಬ್ಬಿ ಅಥವಾ ಪೈಪಿನ ತುಂಡು ಬೇಕು, ನೆಲ ಮಟ್ಟವಾಗಿರಬೇಕು.

ಪ್ರಶ್ನೆ: ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ದೊಡ್ಡ ದೊಡ್ಡ ಬೋಗುಣಿಗಳಿವೆ. ತುಂಬ ತೂತು! ಬೆಳಕು ಸೋರುವುದಿಲ್ಲವೇ?
— ಎಂಟನೇ ತರಗತಿ, ಚಿಂಚವಡ

ಉತ್ತರ: ಬೆಳಕು ಸೋರಲಿ, ಅದು ಜಿ.ಎಂ.ಆರ್.ಟಿ.ಗೆ (ಆ ಬೋಗುಣಿಗಳೆಲ್ಲ ಸೇರಿ ಆದ ಟೆಲಿಸ್ಕೋಪಿನ ಹೆಸರು) ಬೇಕಿಲ್ಲ. ಈ ಟೆಲಿಸ್ಕೋಪ್ ಹಿಡಿಯುವುದು ರೇಡಿಯೋ ಅಲೆಗಳನ್ನು. ಅವುಗಳಲ್ಲಿ ಹೈಡ್ರೋಜನ್ ಅನಿಲ ಹೊರಡಿಸುವ ಅಲೆಯ ಉದ್ದ 21 ಸೆಂ.ಮೀ. ಒಂದೆರಡು ಸೆಂ.ಮೀ. ತೂತಿನ ಜಾಲರಿ ಆ ಅಲೆಗೆ ಕನ್ನಡಿಯಷ್ಟೇ ನಯ. ಮೈಕ್ರೋವೇವ್ ಒಲೆಯ ಬಾಗಿಲಲ್ಲಿ ಜಾಲರಿ ಇರುತ್ತದಲ್ಲ, ಒಳಗಿನದು ಕಾಣುತ್ತದೆ, ಅಲೆ ಹೊರಬರುವುದಿಲ್ಲ. ಅದೇ ಉಪಾಯ. 45 ಮೀಟರ್ ಅಗಲದ ಬೋಗುಣಿಯನ್ನು ಗಟ್ಟಿ ತಗಡಿನಲ್ಲಿ ಮಾಡಿದ್ದರೆ ಬಿರುಗಾಳಿಗೆ ಹಡಗಿನ ಹಾಯಿಯಾಗುತ್ತಿತ್ತು. ಅಂಥವು 30 ಇವೆ: 14 ನಡುವೆ ಗುಂಪಾಗಿ, 16 ಇಂಗ್ಲಿಷಿನ ‘ವೈ’ ಅಕ್ಷರದಂತೆ ಮೂರು ತೋಳುಗಳಲ್ಲಿ ಸುಮಾರು 25 ಕಿ.ಮೀ. ಹರಡಿ. ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಅಷ್ಟಗಲದ ಒಂದೇ ಟೆಲಿಸ್ಕೋಪಿನಲ್ಲಿ ಕಾಣುವಷ್ಟು ಸಣ್ಣ ವಿವರ ಕಾಣುತ್ತದೆ. ಹಗಲಿರಲಿ, ಮೋಡವಿರಲಿ, ಕೆಲಸ ನಿಲ್ಲದು. ಅದರ ಶತ್ರು ನಮ್ಮ ಮೊಬೈಲು. ಹತ್ತಿರ ಹೋದಾಗ ಆಫ್ ಮಾಡು.

ಪ್ರಶ್ನೆ: ವಿಶ್ವ ಹಿಗ್ಗುತ್ತಿದೆಯಂತೆ. ಹಾಗಾದರೆ ಮುಂಬಯಿ-ಪುಣೆ ದೂರವೂ ಹೆಚ್ಚುತ್ತಿದೆಯೇ?
— ಓದುಗರು, ಲೋನಾವಳ

ಉತ್ತರ: ಇಲ್ಲ. ಹಿಗ್ಗುವುದು ಗ್ಯಾಲಕ್ಸಿಗಳ ಗುಂಪುಗಳ ನಡುವಿನ ಜಾಗ: ಪ್ರತಿ 32.6 ಲಕ್ಷ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ ಸುಮಾರು 70 ಕಿ.ಮೀ. ಆ ದರವನ್ನು ನಿಮ್ಮ 150 ಕಿ.ಮೀ.ಗೆ ಹಚ್ಚಿದರೂ ವರ್ಷಕ್ಕೆ ಮಿಲಿಮೀಟರಿನ ನೂರರಲ್ಲೊಂದು ಭಾಗ. ನೆಲದ ಬಂಡೆಗಳ ಬಿಗಿತ, ಗುರುತ್ವ ಅಷ್ಟನ್ನೂ ಬಿಡುವುದಿಲ್ಲ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗ್ಯಾಲಕ್ಸಿಯೂ ಗುರುತ್ವದ ಸೆಳೆತಕ್ಕೆ ಸಿಕ್ಕಿ ನಮ್ಮತ್ತ ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ ಬರುತ್ತಿದೆ. ಘಾಟಿಯಲ್ಲಿ ಹೊತ್ತು ಹೆಚ್ಚು ಹಿಡಿಯುತ್ತಿದ್ದರೆ ಟ್ರಾಫಿಕ್ಕನ್ನೇ ದೂರಿ.