ಬಣ್ಣ ಒಂದೇ ಆದರೂ ಜನಾಂಗೀಯ ತಾರತಮ್ಯವೇ

ಮೈಬಣ್ಣ ಒಂದೇ ಇರುವ ಕಡೆ ಜನಾಂಗೀಯ ತಾರತಮ್ಯ ಹೇಗೆ ಸಾಧ್ಯ ಅಂತ ಕೇಳಿದ್ದೀರಿ. ಸಾಧ್ಯ, ಖಂಡಿತ. ಬಣ್ಣವನ್ನೇ ಅಳತೆಗೋಲು ಮಾಡಿಕೊಂಡರೆ ಅಮೆರಿಕದ ಕಥೆ ಅರ್ಥವಾಗುತ್ತದೆ, ಆಫ್ರಿಕಾದ ರುವಾಂಡಾದ್ದು ಆಗಲ್ಲ. ಅಲ್ಲಿ ಹುಟು, ಟುಟ್ಸಿ ಅಂತ ಎರಡು ಗುಂಪು, ಇಬ್ಬರದೂ ಒಂದೇ ಭಾಷೆ. ಆದರೂ 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಗುರುತಿನ ಚೀಟಿಯಲ್ಲಿ ಯಾರು ಯಾವ ಗುಂಪು ಅಂತ ಬರೆಸಿತು, 1994ರ ನರಮೇಧದಲ್ಲಿ ಹುಟು ಉಗ್ರರು ರಸ್ತೆ ತಡೆದು ಅಂಥ ಚೀಟಿ ನೋಡಿ ಟುಟ್ಸಿ ಜನರನ್ನು ಕೊಂದರು. ಜಪಾನಿನಲ್ಲಿ ಹಿಂದೆ ಅಸ್ಪೃಶ್ಯರಂತೆ ಕಂಡ ಸಮುದಾಯದ ವಂಶಸ್ಥರಾದ ಬುರಾಕುಮಿನ್ ಜನರನ್ನಂತೂ ಮುಖ ನೋಡಿ ಗುರುತಿಸೋಕೇ ಆಗಲ್ಲ. ಅದಕ್ಕೇ ಅವರನ್ನು ಕೆಲಸಕ್ಕೆ ಸೇರಿಸಬಾರದು ಅಂತ ಕೆಲವು ಕಂಪನಿಗಳು ಅವರ ಊರುಗಳ ಪಟ್ಟಿಯನ್ನೇ ಗುಟ್ಟಾಗಿ ಕೊಂಡಿದ್ದವು (1975ರಲ್ಲಿ ಬಯಲಾಯಿತು). ಜನಾಂಗೀಯ ತಾರತಮ್ಯಕ್ಕೆ ಸುಮ್ನೆ ಹೊಸ ವ್ಯಾಖ್ಯಾನ ಹುಡುಕೋದು ಯಾಕೆ? ಅದನ್ನು ತೊಡೆದುಹಾಕಲೆಂದೇ ಮಾಡಿದ ವಿಶ್ವಸಂಸ್ಥೆಯ 1965ರ ಒಪ್ಪಂದದ ವ್ಯಾಖ್ಯಾನದಲ್ಲಿ ಬಣ್ಣದ ಜೊತೆಗೆ ವಂಶವೂ ಇದೆ, ರಾಷ್ಟ್ರೀಯ ಮೂಲವೂ ಇದೆ.